ಚನ್ನಪಟ್ಟಣದ ಗೊಂಬೆಗಳ ಫೋಟೋ ಎಡಿಟಿಂಗ್: ಕೆಲಸ ಎಲ್ಲಿಗೆ ಬಂತು

ಒಬ್ಬರೇ ನಡೆಸುವ ಆನ್‌ಲೈನ್ ಅಂಗಡಿಯಲ್ಲಿ 40 ಬಗೆಯ ಗೊಂಬೆ ಇದ್ದರೆ, ಒಂದೊಂದಕ್ಕೆ 5ರಂತೆ 200 ಫೋಟೋ ಬೇಕು. ಒಂದು ಫೋಟೋಗೆ 5 ನಿಮಿಷ ಹಿಡಿದರೂ 1000 ನಿಮಿಷ, ಅಂದರೆ ಹತ್ತಿರ ಹತ್ತಿರ 17 ಗಂಟೆ. ಪ್ಯಾಕಿಂಗ್, ಕೊರಿಯರ್, ಗ್ರಾಹಕರ ಮೆಸೇಜು ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುವಾಗ ಅಷ್ಟು ಹೊತ್ತು ಸಿಗುವುದಿಲ್ಲ. ಒಂದು ಫೋಟೋ ಎಡಿಟ್ ಮಾಡಿದರೆ ಉಳಿದ 199ಕ್ಕೂ ಅದೇ ಎಡಿಟ್ ಹಾಗೇ ಕೂರಬೇಕು ಅನ್ನುವುದು ಈ ಕೆಲಸದ ಗುರಿ. ಅದಕ್ಕೆ ಎಲ್ಲ ಫೋಟೋಗಳೂ ಒಂದೇ ಬೆಳಕಲ್ಲಿ, ಒಂದೇ ಸೆಟ್ಟಿಂಗ್‌ನಲ್ಲಿ ಬಂದಿರಬೇಕು. ಹಾಗಾಗಿ ಹೆಚ್ಚಿನ ಶ್ರಮ ಹೋಗಿದ್ದು ಕಂಪ್ಯೂಟರ್ ಮುಂದೆ ಅಲ್ಲ, ಮೇಜಿನ ಮೇಲೆ.

ಬೆಳಕು (ಮುಗಿದಿದೆ)

ಹಾಲೆ ಮರದ ಗೊಂಬೆಯನ್ನು ಲೇತ್ ಮೇಲೆ ತಿರುಗಿಸುತ್ತಲೇ ಬಣ್ಣದ ಅರಗು ಒತ್ತಿ, ತಾಳೆಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಗಿರಾಕಿ ದುಡ್ಡು ಕೊಡುವುದು ಆ ಹೊಳಪಿಗೆ, ಫೋಟೋ ಕೆಡಿಸುವುದೂ ಅದೇ ಹೊಳಪು. ಗುಂಡಗಿನ ಗೊಂಬೆ ಬಸ್ಸಿನ ಸೈಡ್ ಮಿರರ್ ಇದ್ದ ಹಾಗೆ: ಕಿಟಕಿ, ಟ್ಯೂಬ್‌ಲೈಟ್, ಫೋನ್ ಹಿಡಿದ ಕೈ ಎಲ್ಲವೂ ಅದರಲ್ಲಿ ಕಾಣುತ್ತವೆ. ಒಂದೊಂದು ಪ್ರತಿಬಿಂಬವನ್ನೂ ಹೀಲಿಂಗ್ ಟೂಲ್‌ನಲ್ಲಿ ಒರೆಸುತ್ತ ಕೂತರೆ ಫೋಟೋಗೆ ಹತ್ತು ನಿಮಿಷವೂ ಸಾಲದು.

ಈಗಿನ ವ್ಯವಸ್ಥೆ ಹೀಗಿದೆ. ಕಿಟಕಿಗೆ ದಪ್ಪ ಪರದೆ, ಕೋಣೆಯ ದೀಪಗಳೆಲ್ಲ ಆಫ್. ಎಡಕ್ಕೂ ಬಲಕ್ಕೂ ಒಂದೊಂದು ಎಲ್‌ಇಡಿ, ಪ್ರತಿ ದೀಪದ ಮುಂದೆ ಬಟರ್ ಪೇಪರ್ ಬಿಗಿದ ಎರಡಡಿ ಚೌಕಟ್ಟು. ಎಡಗಡೆಯದು ಗೊಂಬೆಗೆ ಹತ್ತಿರ, ಬಲಗಡೆಯದು ದುಪ್ಪಟ್ಟು ದೂರ. ಗೊಂಬೆಯ ಒಂದು ಬದಿಯಲ್ಲಿ ಉದ್ದನೆಯ ಹೊಳಪಿನ ಪಟ್ಟಿ ಬೀಳುತ್ತದೆ. ಆ ಪಟ್ಟಿ ಇರಲೇಬೇಕು. ದೀಪಕ್ಕೂ ಲೆನ್ಸಿಗೂ ಪೋಲರೈಸರ್ (ಪ್ರತಿಫಲನ ತಡೆಯುವ ಫಿಲ್ಟರ್) ಹಾಕಿ ಹೊಳಪನ್ನು ಪೂರ್ತಿ ಕೊಂದರೆ ಅರಗಿನ ಗೊಂಬೆ ಮಂಕು ಪ್ಲಾಸ್ಟಿಕ್‌ನಂತೆ ಕಾಣುತ್ತದೆ. ಕ್ಯಾಮೆರಾ ಟ್ರೈಪಾಡ್ ಮೇಲೆ, ಎರಡು ಸೆಕೆಂಡ್ ಟೈಮರ್, ಸಾಧ್ಯವಾದಷ್ಟು ದೂರದಿಂದ ಆಪ್ಟಿಕಲ್ ಜೂಮ್. ದೂರ ಹೋದಷ್ಟೂ ಗೊಂಬೆಯಲ್ಲಿ ಕ್ಯಾಮೆರಾದ ಬಿಂಬ ಚಿಕ್ಕದಾಗುತ್ತದೆ.

ಬಲ್ಬ್ ಕೊಳ್ಳುವಾಗ ಡಬ್ಬದ ಮೇಲಿನ ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎನ್ನುವ) ಅಂಕಿ ಒಂದನ್ನೇ ನಂಬಬಾರದು. ಅದು 8 ತಿಳಿ ಬಣ್ಣಗಳ ಸರಾಸರಿ, ಗಾಢ ಕೆಂಪು ಅದರ ಲೆಕ್ಕಕ್ಕೇ ಬರುವುದಿಲ್ಲ. ಕೆಂಪಿನ ಅಂಕಿ ಬೇರೆ, ಅದರ ಹೆಸರು ಆರ್9. ಸಿಆರ್‌ಐ 80 ಇರುವ ಮನೆ ಬಲ್ಬಿನಲ್ಲಿ ಆರ್9 ಸೊನ್ನೆಯ ಹತ್ತಿರ ಇರಬಹುದು. ಅಂಥ ಬೆಳಕಲ್ಲಿ ಅರಗಿನ ಕೆಂಪು ಇಟ್ಟಿಗೆ ಬಣ್ಣಕ್ಕೆ ಇಳಿಯುತ್ತದೆ, ಆಮೇಲೆ ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸಿದರೆ ಹಳದಿ, ಹಸಿರು ಎರಡೂ ಕೆಡುತ್ತವೆ. ಸಿಆರ್‌ಐ 95ರ ಮೇಲೆ, ಆರ್9 80ರ ಮೇಲೆ, 5000ದಿಂದ 5600 ಕೆಲ್ವಿನ್ (ಹಗಲಿನಂಥ ಬಿಳಿ ಬೆಳಕು) ಇರುವುದನ್ನೇ ತನ್ನಿ, ಎರಡೂ ಒಂದೇ ಮಾದರಿಯದಾಗಿರಲಿ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ತೆರೆದಿರುವ ಹೊತ್ತನ್ನು 1/50 ಅಥವಾ 1/100 ಸೆಕೆಂಡಿಗೆ ನಿಲ್ಲಿಸಿದರೆ ಫೋಟೋದಲ್ಲಿ ಅಡ್ಡಪಟ್ಟೆ ಬರುವುದಿಲ್ಲ.

ಶೂಟಿಂಗ್ ಕ್ರಮ (ಮುಗಿದಿದೆ)

ಫೋನಿನ ಆಟೋ ಮೋಡ್ ಒಂದೊಂದು ಫೋಟೋವನ್ನೂ ಬೇರೆ ಬೇರೆಯಾಗಿ ತಿದ್ದುತ್ತದೆ. ಹಳದಿ ಗೊಂಬೆಗೆ ಒಂದು ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿ ತೋರಿಸುವ ಹೊಂದಾಣಿಕೆ), ನೀಲಿಗೆ ಇನ್ನೊಂದು. ಆಮೇಲೆ ಒಂದೇ ಪ್ರಿಸೆಟ್ (ಉಳಿಸಿಟ್ಟ ಎಡಿಟ್) ಎಲ್ಲಕ್ಕೂ ಹೊಂದುವ ಮಾತೇ ಇಲ್ಲ. ಪ್ರೊ ಮೋಡ್, ಅದಿಲ್ಲದಿದ್ದರೆ ಉಚಿತ ಓಪನ್ ಕ್ಯಾಮೆರಾ ಆ್ಯಪ್ ಬಳಸಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಶಟರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಕೈಯಾರೆ ಲಾಕ್ ಮಾಡಿ, ಫೋನಿನಲ್ಲಿ ಅವಕಾಶವಿದ್ದರೆ ರಾ (ಫೋನ್ ತಿದ್ದದ ಮೂಲ) ಫೈಲನ್ನೇ ಉಳಿಸಿಕೊಳ್ಳಿ. ದೊಡ್ಡ ಕ್ಯಾಮೆರಾ ಇದ್ದರೆ ಲೆನ್ಸಿನ ಕಿಂಡಿಯನ್ನು ಎಫ್ 8ರಿಂದ 11ರೊಳಗೆ ಇಟ್ಟರೆ ಗೊಂಬೆಯ ಮೂಗಿನಿಂದ ಬೆನ್ನಿನವರೆಗೂ ಚೂಪಾಗಿ ಬರುತ್ತದೆ.

ಮೊದಲ ಶಾಟ್‌ನಲ್ಲಿ ಗೊಂಬೆಯ ಜಾಗದಲ್ಲಿ ಬಣ್ಣ ಹೊಂದಿಸಲು ಬೂದು ಕಾರ್ಡ್. ಆಮೇಲೆ ಪ್ರತಿ ಗೊಂಬೆಗೂ ಮೊದಲು ಅದರ ಕೋಡ್ ಬರೆದ ಚೀಟಿ, ನಂತರ ಯಾವಾಗಲೂ ಇದೇ ಸಾಲು: ಮುಂದೆ, ಓರೆ, ಹಿಂದೆ, ಮೇಲಿಂದ, ಅಳತೆಗೆ ಪಕ್ಕದಲ್ಲಿ ಸ್ಕೇಲ್. ಈ ಸಾಲು ತಪ್ಪದಿದ್ದರೆ ಫೈಲುಗಳ ಹೆಸರು ಬದಲಿಸುವ ಕೆಲಸವನ್ನು ಸ್ಕ್ರಿಪ್ಟ್‌ಗೇ (ಕಂಪ್ಯೂಟರ್‌ಗೆ ಬರೆದಿಟ್ಟ ಆದೇಶಗಳಿಗೆ) ಬಿಡಬಹುದು. ಗೊಂಬೆಯನ್ನು ಹತ್ತಿ ಗ್ಲೌಸ್ ಹಾಕಿಯೇ ಮುಟ್ಟುವುದು, ಶಾಟ್‌ಗೆ ಮುಂಚೆ ಬ್ಲೋವರ್‌ನಿಂದ ಎರಡು ಸಲ ಊದುವುದು. ಅರಗಿನ ಮೇಲಿನ ಒಂದು ಬೆರಳಚ್ಚು ಐದು ಫೋಟೋದಲ್ಲೂ ಬರುತ್ತದೆ, ಐದು ಸಲ ಅಳಿಸಬೇಕಾಗುತ್ತದೆ.

ಬಿಳಿ ಹಿನ್ನೆಲೆ (ಮುಗಿದಿದೆ, ಕೊನೆಯಲ್ಲಿ ಹೇಳುವ ಒಳಸಂದಿಯ ತೊಡಕು ಬಿಟ್ಟು)

ಅಮೆಜಾನ್‌ನ ಮುಖ್ಯ ಚಿತ್ರಕ್ಕೆ ಹಿನ್ನೆಲೆ ಅಚ್ಚ ಬಿಳಿ ಬೇಕು, ಕೆಂಪು, ಹಸಿರು, ನೀಲಿ ಮೂರೂ 255 (ಸೊನ್ನೆ ಅಂದರೆ ಕಪ್ಪು, 255 ಅಂದರೆ ಪೂರ್ತಿ ಬೆಳಕು). ಹಿನ್ನೆಲೆ ಅಳಿಸುವ ಎಐ ಟೂಲ್ ಸಲೀಸು ಅನಿಸುತ್ತದೆ. ಅಂಥದೊಂದು ಟೂಲ್ ರೆಂಬಿಜಿ ಉಚಿತ, ಫೋಲ್ಡರ್ ಕೊಟ್ಟರೆ ಎಲ್ಲವನ್ನೂ ಒಟ್ಟಿಗೆ ಮುಗಿಸುತ್ತದೆ. ಆದರೆ ಗೊಂಬೆಯ ಕಾಲ ಕೆಳಗಿನ ನೆರಳನ್ನೂ ತಿನ್ನುತ್ತದೆ, ಗೊಂಬೆ ಗಾಳಿಯಲ್ಲಿ ತೇಲುತ್ತದೆ. ಅಂಚಿನ ಸುತ್ತ ತೆಳು ಬೂದು ಗೆರೆ ಬೇರೆ. ಹೀಗಾಗಿ ಅದನ್ನು ಕೈಬಿಟ್ಟು ಲೆವೆಲ್ಸ್ (ಕಪ್ಪು, ಬಿಳಿಯ ಮಿತಿ ಹೊಂದಿಸುವ ಟೂಲ್) ದಾರಿ ಹಿಡಿದಿದ್ದೇವೆ.

ಹಿನ್ನೆಲೆಗೆ ಬಾಗಿಸಿದ ಬಿಳಿ ಪಿವಿಸಿ ಹಾಳೆ, ಮ್ಯಾಟ್ ಮುಖ ಮೇಲೆ. ಗೊಂಬೆ ಹಾಳೆಯ ಹಿಂಭಾಗದಿಂದ ಎರಡಡಿ ಮುಂದೆ, ಹಾಳೆಗೆ ಬೇರೆಯೇ ಒಂದು ದೀಪ. ಫೋಟೋದಲ್ಲಿ ಹಾಳೆಯ ಅಂಕಿ ಎಲ್ಲೆಡೆ 242ರಿಂದ 248ರ ನಡುವೆ ಬರಬೇಕು. ಎಡಿಟಿಂಗ್‌ನಲ್ಲಿ ವೈಟ್ ಪಾಯಿಂಟನ್ನು (ಪೂರ್ತಿ ಬಿಳಿ ಶುರುವಾಗುವ ಅಂಕಿ) 242ಕ್ಕೆ ಎಳೆದರೆ ಹಾಳೆ 255 ಆಗುತ್ತದೆ, 225ರ ಆಸುಪಾಸಿನ ನೆರಳು 237ಕ್ಕೆ ಬಂದು ತಿಳಿಯಾಗಿ ಉಳಿಯುತ್ತದೆ. ಶೂಟಿಂಗ್‌ನಲ್ಲೇ ಹಾಳೆಯನ್ನು 255ಕ್ಕಿಂತ ಆಚೆ ಉರಿಸಿದರೆ ಬೆಳಕು ಗೊಂಬೆಯ ಅಂಚಿಗೆ ಸುತ್ತಿಕೊಂಡು ತಿಳಿ ಹಳದಿ ಬಣ್ಣಗಳು ಹಾಳೆಯಲ್ಲಿ ಕರಗಿ ಹೋಗುತ್ತವೆ.

ಎಡಿಟಿಂಗ್ ಡಾರ್ಕ್‌ಟೇಬಲ್ ಅನ್ನುವ ಫೋಟೋ ಸಾಫ್ಟ್‌ವೇರ್‌ನಲ್ಲಿ. ಬೂದು ಕಾರ್ಡಿನಿಂದ ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಷರ್, ಲೆವೆಲ್ಸ್ ಇಷ್ಟನ್ನು ಒಂದು ಫೋಟೋಗೆ ಮಾಡಿ, ಹಿಸ್ಟರಿ (ಮಾಡಿದ ಎಡಿಟ್‌ಗಳ ಪಟ್ಟಿ) ಕಾಪಿ ಮಾಡಿ, ಉಳಿದದ್ದನ್ನೆಲ್ಲ ಆಯ್ದು ಪೇಸ್ಟ್. ಆಮೇಲೆ ಕೆಂಪು ಗೊಂಬೆಗಳ ಹಿಸ್ಟೋಗ್ರಾಮ್ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಇರುವ ಬೆಳಕಿನ ಗ್ರಾಫ್) ಮಾತ್ರ ಬೇರೆಯಾಗಿ ನೋಡಿ. ಅರಗಿನ ಕೆಂಪಿನಲ್ಲಿ ಕೆಂಪು ಚಾನೆಲ್ ಒಂದೇ ಬಲಗೋಡೆಗೆ ಬಡಿದಿರುತ್ತದೆ. ಒಟ್ಟು ಹಿಸ್ಟೋಗ್ರಾಮ್ ಸರಿ ಇದ್ದಂತೆ ಕಂಡರೂ ಲೇತಿನ ನವಿರು ಗೆರೆಗಳು ಮಾಯವಾಗಿರುತ್ತವೆ. ಅಂಥವಕ್ಕೆ ಕೆಂಪಿನ ಸ್ಯಾಚುರೇಶನ್ ಸ್ವಲ್ಪ ಇಳಿಸಿದರೆ ಗೆರೆ ವಾಪಸ್ ಬರುತ್ತದೆ.

ಒಂದು ಬಣ್ಣದ ಗೊಂಬೆಯ ಫೋಟೋ ತೆಗೆದು ಉಳಿದ ಬಣ್ಣಗಳನ್ನು ಸಾಫ್ಟ್‌ವೇರ್‌ನಲ್ಲಿ ಮಾಡುವುದು ಬೇಡವೇ ಬೇಡ. ಕೈಯಲ್ಲಿ ಬೆರೆಸುವ ಅರಗಿನ ಬಣ್ಣ ಕಂತಿನಿಂದ ಕಂತಿಗೆ ಬದಲಾಗುತ್ತದೆ. ಗಿರಾಕಿ ನೋಡಿದ ಬಣ್ಣವೇ ಅವರ ಮನೆ ತಲುಪಬೇಕು.

ಅಳತೆ, ರಫ್ತು (ನಡೆಯುತ್ತಿದೆ)

ಅಮೆಜಾನ್ ಹೇಳುವಂತೆ ವಸ್ತು ಚೌಕಟ್ಟಿನ 85 ಶೇಕಡಾ ತುಂಬಬೇಕು. 2000 ಪಿಕ್ಸೆಲ್ ಚೌಕದಲ್ಲಿ ಅದು 1700. ಕಮಾಂಡ್ ಕೊಟ್ಟು ಚಿತ್ರ ತಿದ್ದುವ ಇಮೇಜ್‌ಮ್ಯಾಜಿಕ್‌ನಲ್ಲಿ ಸುತ್ತಲಿನ ಬಿಳಿಯನ್ನು ಟ್ರಿಮ್ ಮಾಡು (ಕತ್ತರಿಸು), ಉದ್ದದ ಬದಿಯನ್ನು 1700ಕ್ಕೆ ತಾ, 2000ದ ಬಿಳಿ ಚೌಕದ ನಡುವೆ ಕೂರಿಸು, ಸಣ್ಣದಾದ ಮೇಲೆ ಶಾರ್ಪನ್ ಮಾಡು, ಎಸ್‌ಆರ್‌ಜಿಬಿ ಬಣ್ಣದಲ್ಲಿ ಗುಣಮಟ್ಟ 90ರ ಜೆಪೆಗ್ ಆಗಿ ಉಳಿಸು ಎಂದು ಒಂದೇ ಸಾಲಿನಲ್ಲಿ ಹೇಳಬಹುದು. ಅದರ ಮೊಗ್ರಿಫೈ ಕಮಾಂಡ್ ಹಾಗೇ ಬಿಟ್ಟರೆ ಮೂಲ ಫೈಲಿನ ಮೇಲೆಯೇ ಬರೆಯುತ್ತದೆ, ಆದ್ದರಿಂದ ಔಟ್‌ಪುಟ್ ಫೋಲ್ಡರ್ ಬೇರೆ ಕೊಡಲೇಬೇಕು.

ತೊಡಕು ಇರುವುದು ಟ್ರಿಮ್‌ನಲ್ಲಿ. ಫಝ್ (ಬಿಳಿಗಿಂತ ಎಷ್ಟು ಬೇರೆಯಾದರೂ ಬಿಳಿ ಎಂದೇ ಎಣಿಸಬೇಕು ಎನ್ನುವ ಮಿತಿ) 2 ಶೇಕಡಾ ಇಟ್ಟರೆ ನೆರಳೂ ವಸ್ತುವಿನ ಲೆಕ್ಕಕ್ಕೆ ಸೇರಿ ಗೊಂಬೆ ಪಕ್ಕಕ್ಕೆ ಸರಿಯುತ್ತದೆ. ಹಾಳೆಯ ಮೇಲೆ ಒಂದು ಧೂಳಿನ ಕಣವಿದ್ದರೂ ಟ್ರಿಮ್ ಅಲ್ಲೇ ನಿಲ್ಲುತ್ತದೆ. ಫಝ್ 10ಕ್ಕೆ ಏರಿಸಿದರೆ ಗೊಂಬೆ ನಡುವೆ ಬರುತ್ತದೆ, ಆದರೆ ನೆರಳು ಕತ್ತರಿಯಲ್ಲಿ ಕತ್ತರಿಸಿದಂತೆ ನೇರ ಗೆರೆಗೆ ತುಂಡಾಗುತ್ತದೆ. ಈಗ ಸ್ಕ್ರಿಪ್ಟ್ ಎರಡು ಹೆಜ್ಜೆಯಲ್ಲಿ ನಡೆಯುತ್ತದೆ: ಸ್ವಲ್ಪ ಬ್ಲರ್ ಮಾಡಿದ ಪ್ರತಿಯಲ್ಲಿ ಹೆಚ್ಚಿನ ಫಝ್ ಇಟ್ಟು ಗೊಂಬೆಯ ಚೌಕಟ್ಟಿನ ಅಳತೆ ಮಾತ್ರ ಪಡೆಯುವುದು, ಆ ಅಳತೆಗೆ ನಾಲ್ಕೂ ಕಡೆ ಅಂಚು ಸೇರಿಸಿ ಮೂಲ ಚಿತ್ರವನ್ನು ಕತ್ತರಿಸುವುದು. ಬ್ಲರ್‌ನಲ್ಲಿ ಧೂಳಿನ ಕಣ ಕರಗುತ್ತದೆ, ನೆರಳು ಇಡಿಯಾಗಿ ಉಳಿಯುತ್ತದೆ.

ಬಾಕಿ ಉಳಿದಿರುವುದು ಎರಡು. ರಿಂಗ್ ಜೋಡಿಸುವ ಆಟಿಕೆ, ಹಿಡಿಕೆ ಇರುವ ಗಿಲಕಿ ಇವುಗಳ ಒಳಗಿನ ಸಂದಿಗೆ ಹಿಂದಿನ ದೀಪ ಸಾಲದೆ ಅಂಕಿ 230ರಲ್ಲೇ ನಿಲ್ಲುತ್ತದೆ. ಸದ್ಯಕ್ಕೆ ಗಿಂಪ್ ಎಂಬ ಎಡಿಟರ್‌ನ ಥ್ರೆಶೋಲ್ಡ್ ಟೂಲ್‌ನಲ್ಲಿ ಅವನ್ನು ಗುರುತಿಸಿ ಕೈಯಿಂದ ಬಿಳಿ ಮಾಡುತ್ತಿದ್ದೇವೆ, ಮುಂದೆ ಸಂದಿಯ ಹಿಂದೆ ಸಣ್ಣ ಬಿಳಿ ಕಾರ್ಡ್ ನಿಲ್ಲಿಸಿ ನೋಡಬೇಕು. ಇನ್ನೊಂದು, ಇನ್‌ಸ್ಟಾಗ್ರಾಮ್‌ಗೆ 1080ಕ್ಕೆ 1350ರ ಪ್ರತಿ. ಅದೇ ಚೌಕಟ್ಟಿನ ಅಳತೆಯಿಂದ ಸ್ಕ್ರಿಪ್ಟ್ ಅದನ್ನೂ ತೆಗೆಯುವಂತೆ ಇನ್ನೊಂದು ಸಾಲು ಸೇರಿಸುವುದಿದೆ.