ಪಿಂಚಣಿ ಫೈಲಿನಲ್ಲಿ ಸಿಕ್ಕ ಮುತ್ತಜ್ಜ

ಬ್ಯಾಗು, ಕೋಟು, ಪೆನ್ನು ಎಲ್ಲವನ್ನೂ ಲಾಕರಿನಲ್ಲಿಟ್ಟು ಒಳಗೆ ಹೋಗಬೇಕು. ವಾಷಿಂಗ್ಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಹಳೇ ಕಾಗದ ಓದುವ ಕೋಣೆಗೆ ಪೆನ್ಸಿಲ್ ಮಾತ್ರ ಬಿಡುತ್ತಾರೆ. ನಾನು ಹೋಗಿದ್ದು ನಮ್ಮ ಪಕ್ಕದ ಮನೆಯ ಅಜ್ಜಿಗೆ ಜೊತೆಯಾಗಿ. ಅವರು ಕಪ್ಪು ಜನಾಂಗದವರು. ಅವರ ಮುತ್ತಜ್ಜ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು, 1861-65ರ ಅಮೆರಿಕದ ಅಂತರ್ಯುದ್ಧದಲ್ಲಿ, ಗುಲಾಮಗಿರಿ ಬಿಡದ ದಕ್ಷಿಣದ ವಿರುದ್ಧ ಹೋರಾಡಿದ ಉತ್ತರದ ಸೈನ್ಯ ಸೇರಿದ್ದರು ಅನ್ನುವುದಷ್ಟೇ ಮನೆಯಲ್ಲಿ ಉಳಿದಿದ್ದ ಮಾತು.

ಇಂಥವರ ವಂಶ ಹುಡುಕುವುದು ತುಂಬಾ ಕಷ್ಟ. 1850, 1860ರ ಜನಗಣತಿಯಲ್ಲಿ ಗುಲಾಮರ ಪಟ್ಟಿ ಬೇರೆ. ಯಜಮಾನನ ಹೆಸರು, ಅದರ ಕೆಳಗೆ ಗಂಡೋ ಹೆಣ್ಣೋ, ವಯಸ್ಸೆಷ್ಟು, ಬಣ್ಣ ಯಾವುದು, ಹೆಚ್ಚುಕಮ್ಮಿ ಅಷ್ಟೇ. ಕೊಟ್ಟಿಗೆಯ ದನ ಎಣಿಸಿ ಬರೆದ ಹಾಗೆ. ಹೆಚ್ಚಿನವರಿಗೆ ಹೆಸರು ಬಂದಿದ್ದೇ 1870ರ ಗಣತಿಯಲ್ಲಿ. ಆದರೆ ಸೈನ್ಯ ಸೇರಿದ ಸುಮಾರು 1,79,000 ಕಪ್ಪು ಸೈನಿಕರಿಗೆ ಒಂದು ದಾಖಲೆ ಹುಟ್ಟಿತು. ಅವರಲ್ಲಿ ಎಷ್ಟೋ ಜನರ ವಿಧವೆಯರು ಪಿಂಚಣಿ ಕೇಳಿದರು. ಅಲ್ಲೇ ಇರುವುದು ನಿಜವಾದ ಕಥೆ.

ಅಜ್ಜಿ ವರ್ಷಗಟ್ಟಲೆ ತಮ್ಮ ಮನೆತನದ ಹೆಸರಿನಲ್ಲೇ ಹುಡುಕಿದ್ದರು. ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಯಜಮಾನನ ಮನೆತನದ ಹೆಸರಿನಲ್ಲಿ! ಸೈನ್ಯ ಸೇರುವಾಗ ಗುಮಾಸ್ತ ಆ ಹೆಸರು ಬರೆದುಕೊಂಡಿದ್ದ. ಯುದ್ಧ ಮುಗಿದ ಮೇಲೆ ಮುತ್ತಜ್ಜ ತಮ್ಮ ಅಪ್ಪನ ಹೆಸರು ಇಟ್ಟುಕೊಂಡಿದ್ದರು.

ಫೈಲು ಬಂತು. ಮೂರು ಮಡಿಕೆ ಮಡಚಿದ ಕಾಗದಗಳು, ಮಡಿಕೆಯ ಗೆರೆಯಲ್ಲಿ ಹರಿಯುವ ಹಾಗಾಗಿವೆ. ಗುಲಾಮರ ಮದುವೆಗೆ ಕಾನೂನಿನ ಕಾಗದವೇ ಇರಲಿಲ್ಲ ಅಲ್ವಾ, ಹಾಗಾಗಿ ಮದುವೆ ಆಗಿತ್ತು ಅಂತ ಸಾಬೀತು ಮಾಡಲು ಊರಿನವರೆಲ್ಲ ಹೇಳಿಕೆ ಕೊಟ್ಟಿದ್ದಾರೆ. ಜೊತೆಗೆ ಹೋರಾಡಿದವನು, ಹೆರಿಗೆ ಮಾಡಿಸಿದ ಸೂಲಗಿತ್ತಿ, ಪಕ್ಕದ ಗುಡಿಸಲಿನವಳು. ಮದುವೆ ಯಾರ ಅಂಗಳದಲ್ಲಿ ಆಯಿತು, ಯಾವ ಮಗು ಯಾವ ಜ್ವರದಲ್ಲಿ ಹೋಯಿತು, ಎಲ್ಲಾ ಇದೆ. ಕೊನೆಯಲ್ಲಿ ವಿಧವೆಯ ಸಹಿ. ಗುಮಾಸ್ತ ಅವಳ ಹೆಸರು ಬರೆದು ನಡುವೆ ಜಾಗ ಬಿಟ್ಟಿದ್ದಾನೆ. ಆ ಜಾಗದಲ್ಲಿ ಒಂದು ಅಡ್ಡ ಗೀಟು, ಒಂದು ಉದ್ದ ಗೀಟು. ಮೇಲೆ ‘ಅವಳ’, ಕೆಳಗೆ ‘ಗುರುತು’ ಅಂತ ಬರೆದಿದೆ. ನಮ್ಮಲ್ಲಿ ಹೆಬ್ಬೆಟ್ಟು ಒತ್ತುವ ಹಾಗೆ. ಉದ್ದ ಗೀಟು ನಡುಗಿ ಕೆಳಗೆ ಜಾರಿದೆ, ಅಲ್ಲೊಂದು ಶಾಯಿಯ ಚುಕ್ಕೆ. ಅಜ್ಜಿ ಅದನ್ನು ಮುಟ್ಟದೆ, ಬೆರಳು ಮೇಲೆಯೇ ಹಿಡಿದು ತುಂಬಾ ಹೊತ್ತು ಕೂತರು.

ಇದು ಯಾವುದೋ ಕಾಲದ ಮಾತು ಅಂತ ನಾನು ಅಂದುಕೊಂಡಿದ್ದೆ. ಆದರೆ ಆ ಯುದ್ಧದ ಸೈನಿಕನೊಬ್ಬನ ಮಗಳು 2020ರಲ್ಲಿ ತೀರಿಕೊಳ್ಳುವ ತನಕ ತಿಂಗಳಿಗೆ 73 ಡಾಲರ್ 13 ಸೆಂಟ್ ಪಿಂಚಣಿ ಪಡೆಯುತ್ತಿದ್ದರು.

ಸಂಜೆ ಹಸಿರು ಲೈನಿನ ಮೆಟ್ರೋ ಹತ್ತಿ ಯೂ ಸ್ಟ್ರೀಟಿಗೆ ಹೋದೆವು. ಸ್ಟೇಷನ್ ಪಕ್ಕದಲ್ಲೇ ಕಪ್ಪು ಸೈನಿಕರ ಸ್ಮಾರಕ. ಬಾಗಿದ ಗೋಡೆಗಳ ಮೇಲೆ ಸ್ಟೀಲ್ ಫಲಕಗಳು, ಅದರಲ್ಲಿ ಅವರ ಬಿಳಿಯ ಅಧಿಕಾರಿಗಳದ್ದೂ ಸೇರಿ 2,09,145 ಹೆಸರುಗಳು, ರೆಜಿಮೆಂಟ್ ಅಂದರೆ ಸೈನ್ಯದ ತುಕಡಿಯ ಪ್ರಕಾರ. ಮುತ್ತಜ್ಜನ ರೆಜಿಮೆಂಟಿನ ನಂಬರು ಗೊತ್ತಿದ್ದರಿಂದ ಹೆಸರು ಬೇಗ ಸಿಕ್ಕಿತು. ಅಲ್ಲಿಯೂ ಯಜಮಾನನ ಮನೆತನದ ಹೆಸರೇ ಇದೆ.

ಅಜ್ಜಿ ಫಲಕದ ಮೇಲೆ ಕೈಯಿಟ್ಟು ಮುತ್ತಜ್ಜನ ನಿಜವಾದ ಹೆಸರನ್ನು ಗಟ್ಟಿಯಾಗಿ ಹೇಳಿದರು. ಆಮೇಲೆ ಆ ವಿಧವೆಯ ಹೆಸರನ್ನೂ ಹೇಳಿದರು. ಅವಳ ಹೆಸರು ಆ ಗೋಡೆಯ ಮೇಲೆ ಎಲ್ಲೂ ಇಲ್ಲ.