ಅವನು ಯಾಕೆ ಓಡ್ತಿಲ್ಲ?

2024ರ ನವೆಂಬರ್ 23ರಂದು ಟಿವಿ ಮುಂದೆ ಕೂತು ನಾನು ನಮ್ಮ ಇಂಡಿಯಾನಾ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವ ಆಟಗಾರ, ಕರ್ಟಿಸ್ ರೋರ್ಕ್‌ನನ್ನು ಬಾಯಿಗೆ ಬಂದ ಹಾಗೆ ಬೈದಿದ್ದೆ. ಕೊಲಂಬಸ್‌ನಲ್ಲಿ ಒಹಾಯೊ ಸ್ಟೇಟ್ ವಿರುದ್ಧದ ಅಮೆರಿಕನ್ ಫುಟ್ಬಾಲ್ ಪಂದ್ಯ. ಚೆಂಡು ಕೈಯಲ್ಲಿರುವಾಗಲೇ ಐದು ಸಲ ಅವನನ್ನು ನೆಲಕ್ಕೆ ಕೆಡವಿದರು. ಪ್ರತಿ ಸಲವೂ ನಾನು ಕೂಗಿದ್ದು ಒಂದೇ ಮಾತು: "ಪಕ್ಕಕ್ಕಾದ್ರೂ ಓಡೋ, ಕಂಬದ ಥರ ಯಾಕೆ ನಿಂತಿದ್ದೀಯ?" ಎಸೆದ 18 ಪಾಸ್‌ಗಳಲ್ಲಿ ಗುರಿ ಮುಟ್ಟಿದ್ದು ಎಂಟೇ. 38-15ರಲ್ಲಿ ಸೋತೆವು.

ಬ್ಲೂಮಿಂಗ್ಟನ್ನಿಗೆ ಬಂದು ಆರು ವರ್ಷವಾಯಿತು. ಇಂಡಿಯಾನಾ ವಿಶ್ವವಿದ್ಯಾಲಯದ ಊರಿದು. ಇಲ್ಲಿ ಆಟ ಅಂದರೆ ಬ್ಯಾಸ್ಕೆಟ್‌ಬಾಲ್. ಅಸೆಂಬ್ಲಿ ಹಾಲ್‌ನಲ್ಲಿ ಐದು ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳ ಬ್ಯಾನರ್ ತೂಗುತ್ತವೆ. ಫುಟ್ಬಾಲ್ ತಂಡದ ಕಥೆಯೇ ಬೇರೆ. ಇಡೀ ದೇಶದ ದೊಡ್ಡ ಕಾಲೇಜು ತಂಡಗಳಲ್ಲಿ ಆಗ ಅತಿ ಹೆಚ್ಚು ಪಂದ್ಯ ಸೋತಿದ್ದದ್ದು ಇದೇ, 700ಕ್ಕೂ ಮೇಲೆ. ಶನಿವಾರ ಜನ ಸ್ಟೇಡಿಯಂ ಹೊರಗೆ ಕಾರಿನ ಡಿಕ್ಕಿ ತೆಗೆದು ಮಾಂಸ ಸುಟ್ಟು ತಿಂದು, ಒಳಗೆ ಒಂದಷ್ಟು ಹೊತ್ತು ಕೂತು, ಹಾಫ್‌ಟೈಮ್‌ಗೆ ಎದ್ದು ಮನೆಗೆ ಹೋಗುತ್ತಿದ್ದರು. 2023ರಲ್ಲಿ ಮೂರು ಗೆಲುವು, ಒಂಬತ್ತು ಸೋಲು.

ಆಮೇಲೆ ಹೊಸ ಕೋಚ್ ಆಗಿ ಬಂದವರು ಕರ್ಟ್ ಸಿಗ್ನೆಟಿ. ಅಲಬಾಮದಂಥ ತಂಡದ ಸಹಾಯಕ ಕೋಚ್ ಕೆಲಸ ಬಿಟ್ಟು, ಐವತ್ತರ ಹತ್ತಿರದ ವಯಸ್ಸಿನಲ್ಲಿ, ಅವರಪ್ಪ ಹಿಂದೆ ಕೋಚ್ ಆಗಿದ್ದ ಪೆನ್ಸಿಲ್ವೇನಿಯಾದ ಸಣ್ಣ ಕಾಲೇಜಿಗೆ ಹೋಗಿ ಮೊದಲಿಂದ ಶುರುಮಾಡಿದ ಮನುಷ್ಯ. ಇಲ್ಲಿಗೆ ಬರುವಾಗ, ಅದುವರೆಗೆ ಅವರು ಕೋಚ್ ಆಗಿದ್ದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಿಂದ ಹತ್ತಕ್ಕೂ ಹೆಚ್ಚು ಹುಡುಗರು ಅವರ ಬೆನ್ನಿಗೇ ಬಂದರು. ಒಬ್ಬ ಕೋಚ್‌ನನ್ನು ನಂಬಿ ಅಷ್ಟು ಹುಡುಗರು ಊರು ಬಿಟ್ಟು ಬಂದರಲ್ಲ, ನನಗೆ ಹಿಡಿಸಿದ್ದೇ ಅದು. ರೋರ್ಕ್ ಮಾತ್ರ ಬೇರೆ ಕಡೆಯವನು, ಕೆನಡಾದ ಹುಡುಗ, ಒಹಾಯೊ ವಿಶ್ವವಿದ್ಯಾಲಯದಲ್ಲಿ (ಒಹಾಯೊ ಸ್ಟೇಟ್ ಬೇರೆ) ಆಡಿ ಬಂದವನು.

ಮಂಡ್ಯದಲ್ಲಿರುವ ನನ್ನ ತಮ್ಮನಿಗೆ ಫೋನಿನಲ್ಲಿ ಆಟ ವಿವರಿಸುತ್ತಿದ್ದೆ. ನಾಲ್ಕು ಪ್ರಯತ್ನ, ಅಷ್ಟರಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಅವರಿಗೆ. ಅವನು ಕಾಲೇಜಿನಲ್ಲಿ ಕಬಡ್ಡಿ ಆಡಿದವನು. "ಹಂಗಾದ್ರೆ ಕ್ವಾರ್ಟರ್‌ಬ್ಯಾಕ್ ಅಂದ್ರೆ ರೈಡರ್" ಅಂದ. "ಅಲ್ಲ ಕಣೋ, ರೈಡಿಗೆ ಯಾರನ್ನ ಕಳಿಸಬೇಕು ಅನ್ನೋದನ್ನ ಎರಡು ಮೂರು ಸೆಕೆಂಡಲ್ಲಿ ತೀರ್ಮಾನ ಮಾಡೋನು. ಆದ್ರೆ ಎಲ್ಲಾರೂ ಬಂದು ಬೀಳೋದು ಅವನ ಮೇಲೇನೆ."

ಸೆಪ್ಟೆಂಬರ್ ಪೂರ್ತಿ ಗೆಲುವು. ಯುಸಿಎಲ್‌ಎ ತಂಡವನ್ನು ಅವರದೇ ಅಂಗಳದಲ್ಲಿ, ರೋಸ್ ಬೌಲ್ ಸ್ಟೇಡಿಯಂನಲ್ಲಿ, 42-13. ಆ ರಾತ್ರಿ ನಮ್ಮ ಎದುರುಮನೆ ಅಜ್ಜ ತುಂಬಾ ಹೊತ್ತು ವರಾಂಡದಲ್ಲಿ ಕೂತಿದ್ದರು. 1967ರಲ್ಲಿ ಅವರು ಇಲ್ಲಿ ವಿದ್ಯಾರ್ಥಿ. ಒಂಬತ್ತು ಪಂದ್ಯ ಗೆದ್ದ ಆ ವರ್ಷದ ತಂಡ 1968ರ ಜನವರಿ 1ರಂದು ಅದೇ ಸ್ಟೇಡಿಯಂನಲ್ಲಿ ಯುಎಸ್‌ಸಿ ಎದುರು 14-3ರಲ್ಲಿ ಸೋತಿತ್ತು. ಅಂದಿನಿಂದಲೂ ಅಜ್ಜ ಸೀಸನ್ ಟಿಕೆಟ್ ಬಿಟ್ಟಿಲ್ಲ.

ಅಕ್ಟೋಬರ್ 19ರಂದು ನೆಬ್ರಾಸ್ಕಾವನ್ನು 56-7ರಲ್ಲಿ ಸೋಲಿಸಿದ ದಿನ ರೋರ್ಕ್‌ನ ಹೆಬ್ಬೆರಳಿಗೆ ಪೆಟ್ಟಾಯಿತು. ಮುಂದಿನ ವಾರದ ವಾಷಿಂಗ್ಟನ್ ಪಂದ್ಯಕ್ಕೆ ಅವನಿಲ್ಲ. ಅವನ ಬದಲು ಟೇವನ್ ಜಾಕ್ಸನ್ ಆಡಿ ಗೆಲ್ಲಿಸಿದ.

ನವೆಂಬರ್ 9ರ ಮಿಷಿಗನ್ ಪಂದ್ಯಕ್ಕೆ ಅಜ್ಜ ನನ್ನನ್ನು ಕರೆದುಕೊಂಡು ಹೋದರು. ಎದುರಿಗಿದ್ದದ್ದು ಹಿಂದಿನ ವರ್ಷದ ರಾಷ್ಟ್ರೀಯ ಚಾಂಪಿಯನ್. ಹಾಫ್‌ಟೈಮ್‌ಗೆ 17-3. ಸುತ್ತ ಯಾರೂ ಏಳಲಿಲ್ಲ. ದ್ವಿತೀಯಾರ್ಧದಲ್ಲಿ ನಮ್ಮ ಆಟ ಕಟ್ಟಿಹೋಯಿತು, ಅಂತರ ಕರಗುತ್ತಾ ಬಂತು. ಅಜ್ಜ ಮಾತಾಡುವುದನ್ನೇ ನಿಲ್ಲಿಸಿ ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂತರು. ಇಷ್ಟು ವರ್ಷ ಇಂಥ ಪಂದ್ಯ ಕೈಜಾರಿದ್ದನ್ನು ಎಷ್ಟು ನೋಡಿದ್ದರೋ. 20-15. ಗೆದ್ದೆವು. ಒಂದು ಸೀಸನ್ನಿನಲ್ಲಿ ಹತ್ತನೇ ಗೆಲುವು, ಈ ತಂಡದ ಚರಿತ್ರೆಯಲ್ಲೇ ಮೊದಲ ಸಲ. ಅಜ್ಜ ಟೋಪಿ ತೆಗೆದು ಮುಖ ಮುಚ್ಚಿಕೊಂಡರು. ನಾನು ಅವರ ಕಡೆ ನೋಡದೆ ಮೈದಾನ ನೋಡುತ್ತಾ ನಿಂತೆ.

ಆಮೇಲೆ ಕೊಲಂಬಸ್‌ನ ಆ ಸೋಲು. ಪಕ್ಕದ ಪರ್ಡ್ಯೂ ಮೇಲೆ 66-0. ಡಿಸೆಂಬರ್ 20ರ ಚಳಿ ರಾತ್ರಿ ನೋಟ್ರ ಡೇಮ್ ತಂಡದ ಊರು ಸೌತ್ ಬೆಂಡ್‌ನಲ್ಲಿ ಪ್ಲೇಆಫ್, ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ನಾಕೌಟ್ ಸುತ್ತು. ನೋಟ್ರ ಡೇಮ್‌ನ ಜೆರಮಾಯಾ ಲವ್ ಒಂದೇ ಓಟದಲ್ಲಿ 98 ಗಜ ಹೋದ, ನಮ್ಮ ಎದೆ ಅಲ್ಲೇ ಕುಸಿಯಿತು. ಕೊನೇ ಗಳಿಗೆಯಲ್ಲಿ ನಾವು ಎರಡು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೇ ಗೆರೆ ದಾಟಿಸುವುದು) ಗಳಿಸಿಯೂ 27-17ರಲ್ಲಿ ಸೋತೆವು. ಈ ತಂಡ ಪ್ಲೇಆಫ್‌ಗೆ ಯೋಗ್ಯವೇ ಅಲ್ಲ ಎಂದು ಟಿವಿಯವರು ವಾರವಿಡೀ ಹೇಳಿದರು. ನಾನದನ್ನು ಒಪ್ಪುವುದಿಲ್ಲ. ಹನ್ನೊಂದು ಪಂದ್ಯ ಗೆದ್ದವರನ್ನು ಬಿಟ್ಟು ಇನ್ಯಾರನ್ನು ಕರೆಯಬೇಕಿತ್ತು?

ಜನವರಿಯಲ್ಲಿ ಸುದ್ದಿ ಬಂತು. ಸೀಸನ್ ಶುರುವಾಗುವ ಮೊದಲೇ, ಅಭ್ಯಾಸದ ವೇಳೆಯಲ್ಲೇ, ರೋರ್ಕ್‌ನ ಮಂಡಿಯ ಎಸಿಎಲ್ ಎಂಬ ಲಿಗಮೆಂಟ್ ಹರಿದಿತ್ತು. ಆಪರೇಷನ್ ಮುಂದೂಡಿ ಅವನು ಹಾಗೆಯೇ ಆಡಿದ್ದ. 29 ಟಚ್‌ಡೌನ್ ಪಾಸ್‌ಗಳನ್ನು ಎಸೆದದ್ದು ಆ ಕಾಲಿನ ಮೇಲೆ ನಿಂತು.

ನಮ್ಮ ಮನೆಯಲ್ಲಿ ಆ ಲಿಗಮೆಂಟ್ ಏನೆಂದು ಗೊತ್ತು. ಡಿಗ್ರಿ ಎರಡನೇ ವರ್ಷದಲ್ಲಿ ತಮ್ಮನಿಗೆ ಅದೇ ಹರಿಯಿತು. ಮಹಡಿ ಹತ್ತುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದ. ಮತ್ತೆ ಅಂಕಣಕ್ಕೆ ಇಳಿಯಲೇ ಇಲ್ಲ. ಆ ಮನೆಯಲ್ಲಿ ಬೆಳೆದವಳು ನಾನು, ರೋರ್ಕ್ ಯಾಕೆ ಓಡುತ್ತಿಲ್ಲ ಎಂದು ಬೈದಿದ್ದೆ.

ಫೋನ್ ಮಾಡಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

"ಅಕ್ಕಾ, ಮಧ್ಯ ಒಂದು ಮ್ಯಾಚ್ ಬಿಟ್ಟಿದ್ದ ಅಂದಿದ್ದೆ ಅಲ್ವಾ. ಅದು ಮಂಡಿಗಾ?"

"ಇಲ್ಲ ಕಣೋ. ಹೆಬ್ಬೆರಳಿಗೆ."