ಕೋವಿ ಸದ್ಯಕ್ಕೆ ಚಿಕ್ಕಮ್ಮನ ತವರಲ್ಲಿದೆ

ನಮ್ಮ ಚಿಕ್ಕಪ್ಪ ಆರ್ಮೀಲಿ 24 ವರ್ಷ ಸರ್ವಿಸ್ ಮುಗ್ಸಿ ಹವಾಲ್ದಾರ್ ಆಗಿ ಮನೆಗೆ ಬಂದಾಗ ಅವ್ರಿಗೆ ಬರೀ 43. ಪೆನ್ಷನ್ ಬರುತ್ತೆ, ಕ್ಯಾಂಟೀನ್ ಕಾರ್ಡ್ ಇದೆ, ಆಸ್ಪತ್ರೆ ಖರ್ಚಿಗೆ ಮಾಜಿ ಸೈನಿಕರ ಇಸಿಎಚ್‌ಎಸ್ ಇದೆ, ಎರಡೆಕ್ರೆ ಕಾಫಿ ತೋಟ ಇದೆ, ಇನ್ನೇನ್ ಬೇಕು ಮನುಷ್ಯಂಗೆ ಅಂತ ಊರೋರೆಲ್ಲಾ ಹೇಳ್ತಿದ್ರು, ನಾನೂ ಹಾಗೇ ಅಂದ್ಕೊಂಡಿದ್ದೆ. ನಮ್ಮ ಕೊಡಗಲ್ಲಿ ಇದೇನು ಹೊಸದಾ, ಕಾರ್ಯಪ್ಪ ತಿಮ್ಮಯ್ಯ ಹುಟ್ಟಿದ ಊರು, ಮನೆಗೊಬ್ಬ ಎಕ್ಸ್‌ಸರ್ವಿಸ್‌ಮನ್ ಇರ್ತಾರೆ.

ಆದ್ರೆ ಮನೆ ಅನ್ನೋದು ಅವ್ರು ಇಲ್ದೇನೇ 24 ವರ್ಷ ನಡ್ಕೊಂಡು ಬಂದಿತ್ತಲ್ಲ. ಮೋಟಾರ್ ಸ್ಟಾರ್ಟರ್ ಎಲ್ಲಿದೆ ಅಂತ ಅವ್ರಿಗೆ ಗೊತ್ತಿಲ್ಲ, ಕೆಲಸದೋರು ಕೂಲಿ ಲೆಕ್ಕ ಕೇಳೋದು ಚಿಕ್ಕಮ್ಮನ್ನ, ಮಕ್ಳು ಟೂರಿಗೆ ಹೋಗ್ಲಾ ಅಂತ ಕೇಳೋದು ಚಿಕ್ಕಮ್ಮನ್ನ, ಇವ್ರು ಪಕ್ಕದಲ್ಲೇ ನಿಂತಿರ್ತಾರೆ. ರಜೆಗೆ ಬಂದಾಗ ಎರಡು ತಿಂಗ್ಳು ರಾಜನ ಥರ ನೋಡ್ಕೋತಿದ್ದ ಮನೆ, ಈಗ ಕಾಯಂ ಬಂದ್ಮೇಲೆ ಎಲ್ಲಿ ಕೂರ್ಸೋದು ಅಂತ ಯಾರಿಗೂ ಗೊತ್ತಾಗ್ಲಿಲ್ಲ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಶೇವ್ ಮಾಡಿ ಶೂ ಪಾಲಿಶ್ ಮಾಡ್ತಿದ್ರು, ಹೋಗೋದಕ್ಕೆ ಜಾಗ ಇರ್ತಿರ್ಲಿಲ್ಲ. ಸಂಜೆ ಕ್ಯಾಂಟೀನ್ ರಮ್. ಅದು ಎರಡು ಪೆಗ್ಗಿಂದ ಅರ್ಧ ಬಾಟ್ಲಿಗೆ ಹೋದಾಗ್ಲೂ ಎಲ್ರೂ ನಗ್ತಿದ್ರು, ಮಿಲ್ಟ್ರಿಯೋರಲ್ವಾ ಅಂತ.

ಆಮೇಲೆ ಒಂದಿನ ಪೆನ್ಷನ್ ಆರ್ಡರ್ ಅಂದ್ರೆ ಪಿಪಿಓ, ಬ್ಯಾಂಕ್ ಪಾಸ್‌ಬುಕ್, ಎಫ್‌ಡಿ, ಜಮೀನಿನ ಆರ್‌ಟಿಸಿ, ಎಲ್ಲಾ ಒಂದು ಫೈಲಿಗೆ ಸೇರ್ಸಿ, ಮೇಲೆ ಚೀಟಿ ಅಂಟ್ಸಿ ಚಿಕ್ಕಮ್ಮನ ಕೈಗೆ ಕೊಟ್ರು. ಆರ್ಮಿ ನಂಬರ್ ಬರ್ದಿದ್ದ ಕಪ್ಪು ಟ್ರಂಕನ್ನ ಪಕ್ಕದ ಮನೆ ಹುಡ್ಗಂಗೆ ಕೊಟ್ರು. ಎಂಥಾ ಶಿಸ್ತು ನೋಡಿ ಅಂತ ನಮ್ಮಜ್ಜಿ ಹೊಗಳಿದ್ರು. ಚಿಕ್ಕಮ್ಮಂಗೆ ಮಾತ್ರ ಅದು ಶಿಸ್ತು ಅನ್ನಿಸ್ಲಿಲ್ಲ. ರಾತ್ರಿ ಮಕ್ಳು ಮಲಗಿದ್ಮೇಲೆ ನೇರವಾಗಿ ಕೇಳೇಬಿಟ್ರು, "ಸಾಯ್ಬೇಕು ಅಂತ ಏನಾದ್ರೂ ಅನ್ನಿಸ್ತಿದ್ಯಾ ನಿಮ್ಗೆ?"

ತುಂಬಾ ಹೊತ್ತು ಬಿಟ್ಟು ಚಿಕ್ಕಪ್ಪ "ಹೂಂ" ಅಂದ್ರಂತೆ.

ಆ ಪ್ರಶ್ನೆ ಕೇಳೋಕೆ ಎಲ್ರೂ ಹೆದರ್ತೀವಿ, ಕೇಳಿದ್ರೆ ಇಲ್ದಿರೋ ಯೋಚನೆ ತಲೆಗೆ ಹಾಕ್ದಂಗಾಗುತ್ತೆ ಅಂತ. ಹಾಗಾಗಲ್ಲ. ಡಾಕ್ಟ್ರುಗಳೇ ಬಾಯ್ಬಿಟ್ಟು ಕೇಳಿ ಅಂತಾರೆ, ಸುತ್ತಿ ಬಳಸಿ "ಹುಷಾರಾಗಿದೀರಾ" ಅಂದ್ರೆ ಫೌಜಿ ಕಡೆಯಿಂದ ಬರೋ ಉತ್ತರ ಒಂದೇ, "ಫಸ್ಟ್ ಕ್ಲಾಸ್".

ಮಾರನೇ ದಿನ ಚಿಕ್ಕಮ್ಮ ಮಾಡಿದ ಕೆಲ್ಸ ಕೊಡಗಿನೋರಿಗೆ ಸುಲಭದ್ದಲ್ಲ. ನಮ್ಮಲ್ಲಿ ಕೊಡವರಿಗೂ ಜಮ್ಮಾ ಅನ್ನೋ ಹಳೇ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ, ಎಲೆಕ್ಷನ್ ಟೈಮಲ್ಲಿ ಠಾಣೇಲಿ ಇಡಿ ಅಂದ್ರೇನೇ ಗಲಾಟೆ ಆಗುತ್ತೆ, ಅಂಥದ್ರಲ್ಲಿ ಚಿಕ್ಕಮ್ಮ "ಸ್ವಲ್ಪ ದಿನ ಈ ಕೋವಿ ನಮ್ಮಣ್ಣನ ಮನೇಲಿರ್ಲಿ, ನೀವು ಸರಿಯಾದ್ಮೇಲೆ ತರೋಣ" ಅಂತ ಮುಖಕ್ಕೇ ಹೇಳಿದ್ರು. ಕದ್ದು ಸಾಗ್ಸಿಲ್ಲ, ಚಿಕ್ಕಪ್ಪನೇ ಬಟ್ಟೆ ಸುತ್ತಿ ಕೊಟ್ರು. ತೋಟಕ್ಕೆ ಹೊಡೆಯೋ ಔಷಧಿ ಇಡೋ ಶೆಡ್ಡಿನ ಬೀಗದ ಕೈ ಅವತ್ತಿಂದ ಮೈದುನನ ಹತ್ರ. ಸಾಯೋರು ಹೇಗಾದ್ರೂ ಸಾಯ್ತಾರೆ ಅಂತ ಒಬ್ರು ನಂಟ್ರು ನನ್ನ ಮುಂದೇನೇ ಅಂದ್ರು, ಅದು ಸುಳ್ಳು. ಆ ಕೆಟ್ಟ ಗಳಿಗೆ ಬಂದು ಹೋಗೋ ಗಳಿಗೆ, ಆಗ ಕೈಗೆ ಸಿಗದೇ ಇದ್ರೆ ಎಷ್ಟೋ ಜನ ಉಳ್ಕೋತಾರೆ. ಶ್ರೀಲಂಕಾದಲ್ಲಿ ಅತಿ ವಿಷದ ಕೀಟನಾಶಕಗಳನ್ನ ಬ್ಯಾನ್ ಮಾಡಿದ್ಮೇಲೆ ಆತ್ಮಹತ್ಯೆ ಪ್ರಮಾಣ ಅರ್ಧಕ್ಕಿಂತ ಕೆಳಗಿಳೀತು.

ಡಾಕ್ಟ್ರ ಹತ್ರ ಕರ್ಕೊಂಡು ಹೋಗೋಕೆ ಮೂರು ವಾರ ಬೇಕಾಯ್ತು. ಯಾಕಪ್ಪಾ ಇಷ್ಟು ಹಠ ಅಂತ ಆಮೇಲೆ ಅರ್ಥ ಆಯ್ತು. ಆರ್ಮೀಲಿ ಮೆಡಿಕಲ್ ಫಿಟ್‌ನೆಸ್ಸಿಗೆ ಶೇಪ್ ಅಂತಾರೆ, ಅದ್ರ ಮೊದಲಕ್ಷರ ಎಸ್ ಮನಸ್ಸಿಂದು, ಅಲ್ಲಿ ಕೆಂಪು ಗೆರೆ ಬಿದ್ರೆ ಲೋ ಮೆಡಿಕಲ್ ಕ್ಯಾಟಗರಿ, ಪ್ರಮೋಷನ್ನಿಗೆ ಕಲ್ಲು. ಹಾಗಾಗಿ ನಿದ್ದೆ ಬರಲ್ಲ ಅಂತ ಕೂಡ ಬಾಯ್ಬಿಡದೇ 24 ವರ್ಷ ಕಳ್ದಿರ್ತಾರೆ, ರಿಟೈರ್ ಆದ್ಮೇಲೆ ಕ್ಯಾಟಗರಿನೂ ಇಲ್ಲ ಪ್ರಮೋಷನ್ನೂ ಇಲ್ಲ, ಭಯ ಮಾತ್ರ ಹಾಗೇ ಇರುತ್ತೆ.

ಕೊನೆಗೆ ದಾರಿ ಮಾಡ್ಕೊಟ್ಟಿದ್ದು ಫೋನು. ಟೆಲಿ ಮಾನಸ್ ಅಂತ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರಲ್ಲಿ ಶುರುವಾಯ್ತಲ್ಲ, 14416, ದಿನದ 24 ಗಂಟೆನೂ ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ, ಬೆಂಗ್ಳೂರಿನ ನಿಮ್ಹಾನ್ಸ್ ಅದ್ರ ಹಿಂದಿದೆ. ಸೇನೆಯೋರಿಗೆ ಮತ್ತು ಅವ್ರ ಕುಟುಂಬದೋರಿಗೆ ಅಂತಲೇ ಪುಣೆಯ ಆರ್ಮ್ಡ್ ಫೋರ್ಸಸ್ ಮೆಡಿಕಲ್ ಕಾಲೇಜಲ್ಲಿ 2023ರ ಡಿಸೆಂಬರ್ 1ಕ್ಕೆ ಬೇರೆ ಸೆಲ್ಲೂ ಶುರುವಾಗಿದೆ. ಮೊದಲ ಸಲ ಫೋನ್ ಮಾಡಿದ್ದು ಚಿಕ್ಕಪ್ಪ ಅಲ್ಲ, ಚಿಕ್ಕಮ್ಮ, ತಮಗೋಸ್ಕರ. ದನದ ಕೊಟ್ಟಿಗೇಲಿ ನಿಂತು ಅರ್ಧ ಗಂಟೆ ಅತ್ತಿದ್ದಾರೆ, ನೀವು ನಿದ್ದೆ ಮಾಡಿ ಎಷ್ಟು ದಿನ ಆಯ್ತು ಅಂತ ಆ ಕಡೆಯೋರು ಕೇಳಿದ್ರಂತೆ. ಅದನ್ನ ನಾವ್ಯಾರೂ ಕೇಳಿರ್ಲಿಲ್ಲ. ನಾವು ಮನೆಗೆ ಹೋದಾಗೆಲ್ಲಾ "ಅವ್ರು ಹೇಗಿದಾರೆ" ಅಂತಿದ್ವಿ, ಕಾಫಿ ಕುಡ್ದು ಎದ್ದು ಬರ್ತಿದ್ವಿ.

ಅಮೆರಿಕದಲ್ಲಿ ಮಾಜಿ ಸೈನಿಕರ ಆತ್ಮಹತ್ಯೆಗೇ ಬೇರೆ ಲೆಕ್ಕ ಇಟ್ಟು ಪ್ರತಿ ವರ್ಷ ರಿಪೋರ್ಟ್ ಹಾಕ್ತಾರೆ, 988ಕ್ಕೆ ಫೋನ್ ಮಾಡಿ 1 ಒತ್ತಿದ್ರೆ ಅವ್ರಿಗೇ ಅಂತ ಇರೋ ಲೈನ್ ಸಿಗುತ್ತೆ. ನಮ್ಮಲ್ಲಿ ಆತ್ಮಹತ್ಯೆ ಲೆಕ್ಕ ಇಡೋ ಕೇಂದ್ರದ ಎನ್‌ಸಿಆರ್‌ಬಿ ಪಟ್ಟೀಲಿ ನಿವೃತ್ತರು ಅಂತ ಒಂದು ಕಾಲಂ, ಅದ್ರಲ್ಲಿ ಹವಾಲ್ದಾರೂ ಒಂದೇ ಹೈಸ್ಕೂಲ್ ಮೇಷ್ಟ್ರೂ ಒಂದೇ. ಎಣಿಸದೇ ಇದ್ರೆ ಕಾಣೋದಾದ್ರೂ ಹೇಗೆ.

ಇನ್ನೊಂದು. ನಮ್ಮೂರಿಂದ ಸ್ವಲ್ಪ ದೂರದ ಒಂದು ಮನೇಲಿ ಹೀಗೇ ಒಬ್ರು ಹೋಗ್ಬಿಟ್ರು, ತಡೆಯೋಕಾಗ್ಲಿಲ್ಲ. ಹೆಂಡ್ತಿ ಮುಂದೆ ಯಾರೂ ಅವ್ರ ಹೆಸ್ರೇ ಎತ್ತಲ್ಲ, ಪೊಲೀಸ್ ಕೇಸ್ ಇರುತ್ತೆ ಅಂತ ಹತ್ರ ಹೋಗೋಕೂ ಹಿಂಜರೀತಾರೆ. ಚಿಕ್ಕಮ್ಮ ತಿಂಗ್ಳಿಗೊಂದ್ಸಲ ಹೋಗ್ತಾರೆ, ಅವ್ರ ಯಜಮಾನ್ರ ಪೋಸ್ಟಿಂಗ್ ಕಥೆಗಳನ್ನ ಕೇಳ್ಕೊಂಡು ಕೂತಿರ್ತಾರೆ, ಲೇಹ್ ಚಳಿ, ತೇಜ್‌ಪುರದ ಮಳೆ.

ಚಿಕ್ಕಪ್ಪ ಈಗ ಮಾತ್ರೆ ತಗೋತಾರೆ, ಕುಡಿಯೋದು ಪೂರ್ತಿ ನಿಂತಿಲ್ಲ, ನಾಯಿಗೆ ಪರೇಡ್ ಕಲಿಸ್ತಿದಾರೆ. ಕೋವಿಗೆ ಪೂಜೆ ಮಾಡೋ ನಮ್ಮ ಹಬ್ಬ, ಹೋದ ಕೈಲ್ ಮುಹೂರ್ತಕ್ಕೆ ಎಲ್ರೂ ಚಿಕ್ಕಮ್ಮನ ತವರಿಗೆ ಹೋಗಿದ್ವಿ. ಕೋವಿ ಅಲ್ಲೇ ದೀಪದ ಮುಂದೆ ಇತ್ತು, ಚಿಕ್ಕಪ್ಪ ತೋಕ್ ಪೂ ಹೂವು ಸಿಕ್ಸಿ ಗಂಧ ಹಚ್ಚಿದ್ರು, ಕಡಂಬಿಟ್ಟು ಪಂದಿಕರಿ ಊಟ ಆಯ್ತು. ಹೊರಡೋ ಹೊತ್ತಿಗೆ ಚಿಕ್ಕಮ್ಮನ ಅಣ್ಣ ಕೇಳಿದ್ರು, ತಗೊಂಡೋಗ್ತೀರಾ ಭಾವ ಅಂತ. "ಇರ್ಲಿ ಬಿಡಿ, ಮುಂದಿನ ವರ್ಷ ನೋಡೋಣ" ಅಂದು ಜೀಪ್ ಹತ್ತಿದ್ರು.